ಬೈಬಲ್ ಜಗಳದಿಂದ ಶುಕ್ರವಾರದ ಚೀಲದವರೆಗೆ: ಅಮೆರಿಕದ ಸರ್ಕಾರಿ ಶಾಲೆಗಳೂ ಒಟ್ಟಾದ ಚರ್ಚುಗಳೂ

ಅಮೆರಿಕದಲ್ಲಿ ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸುವ ಕನ್ನಡ ಮನೆಗಳಿಗೆ ಆಗಸ್ಟ್ ಬಂತೆಂದರೆ ಶಾಲೆಯಿಂದ ಕಂತೆ ಕಾಗದ ಬರುತ್ತದೆ. ಊರಿನ ನಾಲ್ಕಾರು ಚರ್ಚುಗಳು ಸೇರಿ ಬ್ಯಾಗು, ಪುಸ್ತಕ ಹಂಚುತ್ತಿವೆ ಎಂಬ ಚೀಟಿಯೂ ಅದರಲ್ಲಿ ಇರಬಹುದು. ಸರ್ಕಾರ ಮತ್ತು ಧರ್ಮದ ನಡುವೆ ಗೋಡೆ ಕಟ್ಟಿಕೊಂಡ ದೇಶದಲ್ಲಿ ಇದು ಹೇಗೆ ಸಾಧ್ಯ ಎಂಬ ಪ್ರಶ್ನೆ ಸಹಜ. ಧರ್ಮಬೋಧನೆಗೆ ಶಾಲೆಯ ಬಾಗಿಲು ಮುಚ್ಚುತ್ತ ಬಂದ ಮೇಲೆಯೇ ಈ ಚರ್ಚುಗಳಿಗೆ ಅಲ್ಲಿ ಜಗಳವಿಲ್ಲದೆ ಕೂಡಿ ದುಡಿಯಲು ಸುಲಭವಾಯಿತು.

ಮೊದಲು ಹೊಡೆದಾಟವೇ ಇತ್ತು. ಹತ್ತೊಂಬತ್ತನೇ ಶತಮಾನದ ಫಿಲಡೆಲ್ಫಿಯಾದ ಶಾಲೆಗಳಲ್ಲಿ ಮಕ್ಕಳು ಓದುತ್ತಿದ್ದುದು ಪ್ರಾಟೆಸ್ಟೆಂಟರ ಕಿಂಗ್ ಜೇಮ್ಸ್ ಬೈಬಲ್. ಕ್ಯಾಥೊಲಿಕ್ ಮಕ್ಕಳಿಗೆ ತಮ್ಮದೇ ಬೈಬಲ್ ಓದಲು ಬಿಡಿ ಎಂದು ಬಿಷಪ್ ಫ್ರಾನ್ಸಿಸ್ ಕೆನ್ರಿಕ್ 1842ರಲ್ಲಿ ಕೇಳಿದರು. ಕ್ಯಾಥೊಲಿಕರು ಶಾಲೆಯಿಂದ ಬೈಬಲನ್ನೇ ತೆಗೆಸುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಐರಿಷ್ ವಲಸಿಗರ ಮೇಲಿದ್ದ ಸಿಟ್ಟೂ ಅದಕ್ಕೆ ಸೇರಿ, 1844ರ ಮೇ ತಿಂಗಳಲ್ಲಿ ಸೇಂಟ್ ಮೈಕಲ್ ಮತ್ತು ಸೇಂಟ್ ಅಗಸ್ಟಿನ್ ಚರ್ಚುಗಳು ಬೆಂಕಿಗೆ ಆಹುತಿಯಾದವು. ಪ್ರತಿ ಚರ್ಚಿನ ಬಳಿಯೂ ನಮ್ಮದೇ ಶಾಲೆ ಏಳಬೇಕು ಎಂದು ಕ್ಯಾಥೊಲಿಕ್ ಬಿಷಪ್ಪರು 1884ರ ಬಾಲ್ಟಿಮೋರ್ ಸಭೆಯಲ್ಲಿ ತೀರ್ಮಾನಿಸಿದ್ದಕ್ಕೆ ಇಂಥ ಕಹಿಯೂ ಒಂದು ಕಾರಣ.

ರಾಜಿಯ ದಾರಿ ಕಂಡದ್ದು 1914ರಲ್ಲಿ, ಇಂಡಿಯಾನಾದ ಗ್ಯಾರಿ ಎಂಬ ಉಕ್ಕಿನ ಊರಿನಲ್ಲಿ. ಅಲ್ಲಿನ ಶಾಲಾ ಮುಖ್ಯಸ್ಥ ವಿಲಿಯಂ ವರ್ಟ್ ಮಕ್ಕಳನ್ನು ತರಗತಿ, ಕಾರ್ಯಾಗಾರ, ಆಟದ ಬಯಲು ಎಂದು ಸರದಿಯಲ್ಲಿ ಓಡಾಡಿಸುತ್ತಿದ್ದರು. ಆ ಸರದಿಯಲ್ಲೇ ಚರ್ಚಿಗೆ ಹೋಗಿಬರುವ ಹೊತ್ತನ್ನೂ ಸೇರಿಸಿದರು. ಇದಕ್ಕೆ 'ರಿಲೀಸ್ಡ್ ಟೈಮ್' ಎಂಬ ಹೆಸರು ನಿಂತಿತು. ಬೇರೆ ಊರುಗಳೂ ಇದನ್ನು ಅನುಸರಿಸಿದವು.

ಇಲಿನಾಯ್ಸ್‌ನ ಶಾಂಪೇನ್ ಒಂದು ಹೆಜ್ಜೆ ಮುಂದೆ ಹೋಯಿತು. 1940ರಲ್ಲಿ ಅಲ್ಲಿನ ಪ್ರಾಟೆಸ್ಟೆಂಟರು, ಕ್ಯಾಥೊಲಿಕರು ಮತ್ತು ಯಹೂದಿಗಳು ಕೂಡಿ ಒಂದು ಮಂಡಳಿ ಮಾಡಿಕೊಂಡರು. ಪಾಠ ನಡೆದದ್ದು ಶಾಲೆಯ ಕೊಠಡಿಗಳಲ್ಲೇ, ವಾರಕ್ಕೊಮ್ಮೆ, ಚಿಕ್ಕವರಿಗೆ 30 ನಿಮಿಷ, ದೊಡ್ಡವರಿಗೆ 45. ಶಿಕ್ಷಕರ ಸಂಬಳ ಮಂಡಳಿಯದು, ಅವರಿಗೆ ಒಪ್ಪಿಗೆ ಕೊಡುವವರು ಶಾಲಾ ಮುಖ್ಯಸ್ಥರು. ಹೆತ್ತವರು ಸಹಿ ಹಾಕಿದ ಮಕ್ಕಳಿಗೆ ಮಾತ್ರ ಪಾಠ. ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಇತ್ತು. ಎಡವಿದ್ದು, ಸಹಿ ಹಾಕದ ಮನೆಯ ಮಗುವಿನ ವಿಷಯದಲ್ಲಿ. ವಾಷ್ಟಿ ಮೆಕಾಲಮ್ ಅವರ ಮಗನನ್ನು ಆ ಹೊತ್ತಿನಲ್ಲಿ ಹೊರಗೆ ಪಡಸಾಲೆಯಲ್ಲಿ ಒಬ್ಬನನ್ನೇ ಕೂರಿಸಿದ್ದುಂಟು, ಅದು ತಪ್ಪು ಮಾಡಿದ ಮಕ್ಕಳನ್ನು ಕೂರಿಸುವ ಜಾಗ. ತಾಯಿ ನ್ಯಾಯಾಲಯಕ್ಕೆ ಹೋದರು. 1948ರ ಮಾರ್ಚ್ 8ರಂದು ಸುಪ್ರೀಂ ಕೋರ್ಟ್ 8-1ರ ಬಹುಮತದಿಂದ ಈ ಏರ್ಪಾಟನ್ನು ಅಸಾಂವಿಧಾನಿಕ ಎಂದಿತು. ತೆರಿಗೆ ಹಣದಲ್ಲಿ ಕಟ್ಟಿದ ಕಟ್ಟಡ ಮತ್ತು ಕಡ್ಡಾಯ ಹಾಜರಾತಿಯ ಕಾನೂನು, ಎರಡೂ ಧರ್ಮಬೋಧನೆಯ ನೆರವಿಗೆ ಒದಗುತ್ತಿದ್ದವು ಎಂಬುದೇ ಆಕ್ಷೇಪ. ಹಲವು ಪಂಗಡಗಳು ಕೂಡಿ ನಡೆಸಿದ್ದರಿಂದ ಈ ದೋಷ ಕಡಿಮೆಯಾಗುವುದಿಲ್ಲ. ಅಂತರ್ಧರ್ಮೀಯ ಮಂಡಳಿ ಮಾಡಿಕೊಂಡರೆ ಸಾಕು ಎಂದು ಇಂದಿಗೂ ನಂಬುವವರು ಮರೆಯುವುದು ಇದನ್ನೇ.

ನಾಲ್ಕು ವರ್ಷದ ಬಳಿಕ, 1952ರಲ್ಲಿ, ನ್ಯೂಯಾರ್ಕಿನ ರಿಲೀಸ್ಡ್ ಟೈಮ್ ಏರ್ಪಾಟು ಅದೇ ಕೋರ್ಟಿನಲ್ಲಿ 6-3ರಿಂದ ಉಳಿದುಕೊಂಡಿತು. ಅಲ್ಲಿ ಪಾಠ ಶಾಲೆಯ ಹೊರಗೆ ನಡೆಯುತ್ತಿತ್ತು, ಒಪ್ಪಿಗೆ ಪತ್ರದ ಅಚ್ಚಿನ ಖರ್ಚೂ ಧಾರ್ಮಿಕ ಸಂಸ್ಥೆಗಳದ್ದೇ. 1962 ಮತ್ತು 1963ರ ತೀರ್ಪುಗಳು ಶಾಲೆಯೇ ನಡೆಸುವ ಪ್ರಾರ್ಥನೆ, ಬೈಬಲ್ ಪಠಣಗಳನ್ನು ನಿಲ್ಲಿಸಿದವು. (ನಮ್ಮ ಸಂವಿಧಾನದ 28ನೇ ವಿಧಿಯೂ ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು ಎನ್ನುತ್ತದೆ. ಅನುದಾನಿತ ಶಾಲೆಯಾದರೆ ಪೋಷಕರ ಒಪ್ಪಿಗೆ ಬೇಕು.)

ಶಾಲೆಯೊಳಗಿನ ಧರ್ಮಬೋಧನೆ ಹೋಯಿತು, ಉಳಿದದ್ದು ನೆರವಿನ ಕೆಲಸ. 1995ರಲ್ಲಿ ಮಿಷಿಗನ್‌ನಲ್ಲಿ ಶುರುವಾದ 'ಕಿಡ್ಸ್ ಹೋಪ್' ಯೋಜನೆಯ ಲೆಕ್ಕ ಸರಳ: ಒಂದು ಚರ್ಚು ಒಂದು ಶಾಲೆ, ಒಬ್ಬ ಸ್ವಯಂಸೇವಕ ಒಂದು ಮಗು, ವಾರಕ್ಕೆ ಒಂದು ಗಂಟೆ. ಆ ಗಂಟೆಯಲ್ಲಿ ಓದು, ಲೆಕ್ಕ, ಮಾತುಕತೆ ಮಾತ್ರ. ಮಗುವಿಗಾಗಿ ಪ್ರಾರ್ಥಿಸುವವರು ಬೇರೆ ಇರುತ್ತಾರೆ, ಶಾಲೆಯ ಹೊರಗೆ. 1999ರಲ್ಲಿ ಅಮೆರಿಕನ್ ಜ್ಯೂಯಿಷ್ ಕಾಂಗ್ರೆಸ್, ಕ್ರಿಶ್ಚಿಯನ್ ಲೀಗಲ್ ಸೊಸೈಟಿ ಮತ್ತು ಫಸ್ಟ್ ಅಮೆಂಡ್‌ಮೆಂಟ್ ಸೆಂಟರ್ ಎಂಬ ಸಂಸ್ಥೆಗಳು ಸೇರಿ, ಶಾಲೆಗಳೂ ಧಾರ್ಮಿಕ ಗುಂಪುಗಳೂ ಹೇಗೆ ಕೂಡಿ ಕೆಲಸ ಮಾಡಬಹುದು ಎಂಬ ಕೈಪಿಡಿಯೊಂದನ್ನು ತಂದವು. ಅದರ ತಿರುಳು ಇಷ್ಟು: ಅವಕಾಶ ಧಾರ್ಮಿಕ ಗುಂಪುಗಳಿಗಷ್ಟೇ ಮೀಸಲಾಗಿರಬಾರದು, ಮಗು ಸೇರಲಿ ಬಿಡಲಿ ಅಂಕಕ್ಕೆ ಧಕ್ಕೆಯಾಗಬಾರದು, ನಂಬಿಕೆಯ ಷರತ್ತು ಇರಬಾರದು, ಶಾಲೆಯ ಹೊತ್ತಿನಲ್ಲಿ ಮತಪ್ರಚಾರ ಕೂಡದು.

ಮೊದಲನೆಯ ಮಾತನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಟೆಕ್ಸಾಸ್‌ನ ಬ್ಯೂಮಾಂಟ್ ಸಾಕ್ಷಿ. 1996ರಲ್ಲಿ ಅಲ್ಲಿನ ಶಾಲಾ ಆಡಳಿತ ಮಕ್ಕಳಿಗೆ ಆಪ್ತಸಲಹೆ ಕೊಡಿಸಲು ಪಾದ್ರಿಗಳನ್ನೇ ಆರಿಸಿ ಕರೆಯಿತು. ಪ್ರಾರ್ಥನೆ ಬೇಡ, ಧರ್ಮದ ಮಾತು ಬೇಡ ಎಂಬ ಸೂಚನೆ ಇತ್ತು. ಆದರೂ ವೈದ್ಯರನ್ನೋ ವಕೀಲರನ್ನೋ ಬಿಟ್ಟು ಪಾದ್ರಿಗಳನ್ನಷ್ಟೇ ಏಕೆ ಕರೆದಿರಿ ಎಂಬ ಪ್ರಶ್ನೆಗೆ ಉತ್ತರಿಸುತ್ತ 2001ರಲ್ಲೂ ಮೇಲಿನ ನ್ಯಾಯಾಲಯದಲ್ಲಿ ನಿಂತಿರಬೇಕಾಯಿತು.

ಇದಕ್ಕೆ ತದ್ವಿರುದ್ಧವಾಗಿ ನಡೆದದ್ದು ಆರೆಗಾನ್‌ನ ಪೋರ್ಟ್‌ಲ್ಯಾಂಡ್. 2008ರಲ್ಲಿ ಅಲ್ಲಿನ ನೂರಾರು ಚರ್ಚುಗಳು ನಗರಾಡಳಿತವನ್ನೇ 'ನಮ್ಮಿಂದ ಏನಾಗಬೇಕು?' ಎಂದು ಕೇಳಿದವು. ರೂಸ್‌ವೆಲ್ಟ್ ಹೈಸ್ಕೂಲಿಗೆ ಸೌತ್‌ಲೇಕ್ ಎಂಬ ಚರ್ಚಿನವರು ಒಂದು ದಿನದ ಸ್ವಚ್ಛತೆಗೆಂದು ಬಂದವರು, ಆಮೇಲೂ ವರ್ಷಗಟ್ಟಲೆ ಬರುತ್ತಲೇ ಇದ್ದರು. ಮುಂದಿನ ವರ್ಷ ಮೇಯರ್ ಆದ ಸ್ಯಾಮ್ ಆಡಮ್ಸ್ ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡವರು. ಸಂಪ್ರದಾಯಸ್ಥ ಚರ್ಚುಗಳೊಂದಿಗೆ ಅವರಿಗೆ ಒಪ್ಪಿಗೆಗಿಂತ ಭಿನ್ನಾಭಿಪ್ರಾಯವೇ ಹೆಚ್ಚು. ಆದರೂ ಗೋಡೆಗೆ ಬಣ್ಣ ಬಳಿಯುವುದಕ್ಕೆ ಅದೇನೂ ಅಡ್ಡಿಯಾಗಲಿಲ್ಲ. ಯಾವ ಬೈಬಲ್ ಎಂಬ ಪ್ರಶ್ನೆ ಇಲ್ಲದಿದ್ದರೆ ಬ್ಯಾಪ್ಟಿಸ್ಟರೂ ಕ್ಯಾಥೊಲಿಕರೂ ಒಂದೇ ಏಣಿ ಹಿಡಿಯುತ್ತಾರೆ.

ಇಂಥ ಕೆಲಸ ಕೆಡುವುದು ಹೆಚ್ಚಾಗಿ ವಿವರಗಳಲ್ಲಿ. ಆಗಸ್ಟ್‌ನಲ್ಲಿ ಮೂರು ಚರ್ಚುಗಳು ಒಂದೇ ಶಾಲೆಗೆ ಬ್ಯಾಗು ತಂದುಕೊಡುತ್ತವೆ, ಜನವರಿಯಲ್ಲಿ ಪೆನ್ಸಿಲ್ ಮುಗಿದಾಗ ಯಾರೂ ಇಲ್ಲ. ಅದಕ್ಕೇ ಎಲ್ಲ ಚರ್ಚುಗಳ ಪರವಾಗಿ ಒಬ್ಬರು, ಶಾಲೆಯ ಪರವಾಗಿ ಒಬ್ಬರು (ಸಾಮಾನ್ಯವಾಗಿ ಕೌನ್ಸೆಲರ್), ಇಬ್ಬರೇ ಮಾತಾಡಬೇಕು. ಬೇಕಾದದ್ದನ್ನು ಶಾಲೆ ಬರೆದುಕೊಡಬೇಕು, ಚರ್ಚು ಊಹಿಸಬಾರದು. ಸ್ವಯಂಸೇವಕರ ಅಪರಾಧ ಹಿನ್ನೆಲೆಯ ತಪಾಸಣೆಗೆ ವಾರಗಳೇ ಹಿಡಿಯುವುದುಂಟು, ಹಾಗಾಗಿ ಅರ್ಜಿ ಬೇಸಿಗೆ ರಜೆಯಲ್ಲೇ ಹೋಗಬೇಕು. ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಕೂರುವಂತಿಲ್ಲ. ಗ್ರಂಥಾಲಯದ ಮೂಲೆ, ಬಾಗಿಲು ತೆರೆದ ಕೋಣೆ ಆದೀತು.

ಶನಿವಾರ, ಭಾನುವಾರ ಮನೆಯಲ್ಲಿ ಊಟದ ಕೊರತೆ ಇರುವ ಮಕ್ಕಳಿಗೆ ಶುಕ್ರವಾರ ಕೊಡುವ ಚೀಲದಲ್ಲಂತೂ ಸೂಕ್ಷ್ಮಗಳು ಬಹಳ. ಎರಡು ತಿಂಡಿ, ಎರಡು ಊಟ, ಫ್ರಿಜ್ ಬೇಡದ ಹಾಲು, ಒಂದಿಷ್ಟು ಹಣ್ಣು ಎಂಬುದು ರೂಢಿಯ ಅಳತೆ. ಡಬ್ಬಿಗೆ ಎಳೆದು ತೆಗೆಯುವ ಮುಚ್ಚಳ ಇರಬೇಕು, ಓಪನರ್ ಇಲ್ಲದ ಮನೆ ಇರುತ್ತದೆ. ಒಂದನೇ ತರಗತಿಯ ಮಗು ಹೊರಲಾರದಷ್ಟು ಡಬ್ಬಿ ತುಂಬಿದರೆ ಚೀಲ ಬಸ್ಸಿನಲ್ಲೇ ಉಳಿಯುತ್ತದೆ. ಕಡಲೆಕಾಯಿ ಅಲರ್ಜಿಯ ಪಟ್ಟಿ ಶಾಲೆಯಿಂದ ಹೆಸರಿಲ್ಲದೆ ಬರಬೇಕು. ಬೀನ್ಸ್ ಡಬ್ಬಿಯಲ್ಲಿ ಹಂದಿಮಾಂಸ, ಮಿಠಾಯಿಯಲ್ಲಿ ಜೆಲಟಿನ್ (ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದದ್ದು) ಇರುವುದು ಚರ್ಚಿನವರಿಗೆ ಹೊಳೆಯುವುದಿಲ್ಲ, ಸಸ್ಯಾಹಾರಿ ಮತ್ತು ಮುಸ್ಲಿಂ ಮನೆಯವರು ಮೊದಲೇ ಹೇಳಬೇಕು. ಮಕ್ಕಳ ದಾಖಲೆಗಳ ಗೋಪ್ಯತೆಗೆ 1974ರ ಕಾನೂನಿದೆ, ಹಾಗಾಗಿ ಚರ್ಚಿಗೆ ಸಿಗಬೇಕಾದದ್ದು ಚೀಲಗಳ ಸಂಖ್ಯೆ ಮಾತ್ರ. ಮಕ್ಕಳು ಆಟಕ್ಕೆ ಹೋದಾಗ ಶಾಲೆಯ ಸಿಬ್ಬಂದಿ ಗುರುತಿಲ್ಲದ ಚೀಲವನ್ನು ಬ್ಯಾಗಿಗೆ ಸೇರಿಸುತ್ತಾರೆ. ಯಾರೋ ಉತ್ಸಾಹಿ ಅದರೊಳಗೆ ಧರ್ಮದ ಕರಪತ್ರ ತುರುಕಿದರೆ ವರ್ಷಗಳ ನಂಬಿಕೆ ಒಂದೇ ದೂರಿಗೆ ಕುಸಿಯುತ್ತದೆ.

ಹಳೆಯ ರಿಲೀಸ್ಡ್ ಟೈಮ್ ಈಗ ಮತ್ತೆ ಸುದ್ದಿಯಲ್ಲಿದೆ. 2018ರಲ್ಲಿ ಒಹಾಯೋದಲ್ಲಿ ಹುಟ್ಟಿದ 'ಲೈಫ್‌ವೈಸ್' ಊರೂರಿನ ಚರ್ಚುಗಳನ್ನು ಕೂಡಿಸಿ ಮಕ್ಕಳನ್ನು ಬೈಬಲ್ ಪಾಠಕ್ಕೆ ಶಾಲೆಯಿಂದ ಹೊರಗೆ ಕರೆದೊಯ್ಯುತ್ತದೆ. ಪ್ರತಿ ಶಾಲಾ ಜಿಲ್ಲೆಯೂ ಇದಕ್ಕೆ ಅವಕಾಶ ಕೊಡುವ ನಿಯಮ ಮಾಡಲೇಬೇಕು ಎಂಬ ಕಾನೂನಿಗೆ 2025ರ ಜನವರಿಯಲ್ಲಿ ಅಲ್ಲಿನ ಗವರ್ನರ್ ಸಹಿ ಹಾಕಿದರು. ಆ ರಾಜ್ಯದಲ್ಲಿರುವ ಪೋಷಕರಿಗೆ ತಿಳಿದಿರಬೇಕಾದ ಅಂಶಗಳು ಕಾನೂನಿನಲ್ಲೇ ಇವೆ: ಹೆತ್ತವರ ಲಿಖಿತ ಒಪ್ಪಿಗೆ ಇಲ್ಲದೆ ಮಗುವನ್ನು ಕಳಿಸುವಂತಿಲ್ಲ, ಮುಖ್ಯ ವಿಷಯಗಳ ಪಾಠ ತಪ್ಪಿಸುವಂತಿಲ್ಲ, ಹಾಜರಾತಿ ದಾಖಲೆ ಪಾಠ ನಡೆಸುವ ಸಂಸ್ಥೆಯದ್ದು, ಸಾಗಾಟದ ಹೊಣೆ ಆ ಸಂಸ್ಥೆಯದ್ದು ಅಥವಾ ಮನೆಯವರದ್ದು. ಉಳಿದ ಮಕ್ಕಳು ಆ ಹೊತ್ತಿನಲ್ಲಿ ಎಲ್ಲಿ, ಯಾರ ಜೊತೆ, ಏನು ಮಾಡುತ್ತಿರುತ್ತಾರೆ ಎಂಬುದನ್ನು ಮಾತ್ರ ಪ್ರಾಂಶುಪಾಲರಿಂದಲೇ ಕೇಳಿ ತಿಳಿಯಬೇಕು, ಸಾಧ್ಯವಾದರೆ ಬರಹದಲ್ಲಿ.