ಸಮಗ್ರ ಮಾತುಕತೆ: ಎಂಟು ಗಂಟು, ಒಂದೇ ಮೂಟೆ

ಹೆಣ್ಣು ನೋಡಿ ಬಂದ ಮೇಲೆ ಎರಡೂ ಮನೆಯ ಹಿರಿಯರು ಕೂತು ಮಾತಾಡುವುದಕ್ಕೆ ನಾವು ‘ಮಾತುಕತೆ’ ಅನ್ನುತ್ತೇವೆ. ಅಣ್ಣ ತಮ್ಮಂದಿರ ಹೊಲದ ಬದುವಿನ ಜಗಳ ಹಿರಿಯರ ಮುಂದೆ ಬಂದರೂ ಅದೇ ಪದ. ‘ಭಾರತ–ಪಾಕ್ ಸಮಗ್ರ ಮಾತುಕತೆ’ ಎಂಬ ಸುದ್ದಿ ಓದುವಾಗ ನಮಗೆ ಮಾತುಕತೆ ಅರ್ಥವಾಗುತ್ತದೆ. ಅದರ ಹಿಂದಿರುವ ‘ಸಮಗ್ರ’ ಮಾತ್ರ ಸುಮ್ನೆ ಅಲಂಕಾರಕ್ಕೆ ಇಟ್ಟ ಹಾಗೆ ಕಾಣುತ್ತದೆ. ನಿಜವಾಗಿ ಆ ಪದದಲ್ಲೇ ಎಲ್ಲ ಇದೆ.

ಇಂಗ್ಲಿಷಿನ ‘ಕಾಂಪೊಸಿಟ್ ಡೈಲಾಗ್’ ಎಂಬುದಕ್ಕೆ ಕನ್ನಡದಲ್ಲಿ ಬಂದ ಹೆಸರು ಇದು. ಎರಡು ದೇಶಗಳ ನಡುವಿನ ತಕರಾರುಗಳನ್ನೆಲ್ಲ ಒಂದೇ ಮೂಟೆಯಲ್ಲಿ ಕಟ್ಟಿ, ಒಂದೊಂದು ಗಂಟಿಗೂ ಬೇರೆ ಬೇರೆ ಅಧಿಕಾರಿಗಳನ್ನು ಕೂರಿಸಿ, ಎಲ್ಲವನ್ನೂ ಒಟ್ಟೊಟ್ಟಿಗೆ ಬಿಚ್ಚಲು ನೋಡುವ ಕ್ರಮ. ಎಲ್ಲವೂ ಇತ್ಯರ್ಥವಾಗುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ಎಲ್ಲದರ ಬಗ್ಗೆಯೂ ಮಾತಾಡುತ್ತೇವೆ ಎಂಬ ಒಪ್ಪಿಗೆ ಇದೆ.

ಇಂಥ ಕ್ರಮ ಯಾಕೆ ಬೇಕಾಯಿತು? ಯಾವುದನ್ನು ಮೊದಲು ಮಾತಾಡಬೇಕು ಎಂಬುದೇ ದೊಡ್ಡ ಜಗಳವಾಗಿತ್ತು. ಕಾಶ್ಮೀರ ಮೊದಲು, ಉಳಿದದ್ದು ಆಮೇಲೆ ಎಂದು ಪಾಕಿಸ್ತಾನ ಹೇಳುತ್ತಿತ್ತು. ಮೊದಲು ವ್ಯಾಪಾರ, ಓಡಾಟ, ಸಣ್ಣಪುಟ್ಟ ಗಡಿ ತಕರಾರು ಮುಗಿಸೋಣ, ಭಯೋತ್ಪಾದನೆ ನಿಲ್ಲಲಿ ಎಂದು ಭಾರತ ಹೇಳುತ್ತಿತ್ತು. ಇಬ್ಬರೂ ಬಾಗಿಲಲ್ಲೇ ನಿಂತುಬಿಟ್ಟರೆ ಒಳಗೆ ಹೋಗಿ ಕೂರುವವರು ಯಾರು?

1997ರ ಮೇ ತಿಂಗಳಲ್ಲಿ ಮಾಲ್ಡೀವ್ಸ್‌ನ ಮಾಲೆಯಲ್ಲಿ ದಕ್ಷಿಣ ಏಷ್ಯಾ ದೇಶಗಳ ಕೂಟವಾದ ಸಾರ್ಕ್‌ನ ಸಭೆ ನಡೆಯಿತು. ಅಲ್ಲಿ ಪ್ರಧಾನಿಗಳಾದ ಐ.ಕೆ. ಗುಜ್ರಾಲ್ ಮತ್ತು ನವಾಜ್ ಷರೀಫ್ ಭೇಟಿಯಾದರು. ಮುಂದಿನ ತಿಂಗಳು ಇಸ್ಲಾಮಾಬಾದಿನಲ್ಲಿ ಎರಡೂ ಕಡೆಯ ವಿದೇಶಾಂಗ ಕಾರ್ಯದರ್ಶಿಗಳು ಕೂತು ಎಂಟು ವಿಷಯಗಳ ಪಟ್ಟಿ ಮಾಡಿದರು. ಶಾಂತಿ ಮತ್ತು ಭದ್ರತೆ, ಜಮ್ಮು–ಕಾಶ್ಮೀರ, ಸಿಯಾಚಿನ್, ವುಲರ್ ಬ್ಯಾರೇಜ್, ಸರ್ ಕ್ರೀಕ್, ಭಯೋತ್ಪಾದನೆ ಮತ್ತು ಮಾದಕ ವಸ್ತು, ವ್ಯಾಪಾರ, ಜನರ ನಡುವಿನ ಸ್ನೇಹ ಸಂಪರ್ಕ. ಕಾಶ್ಮೀರ ಪಟ್ಟಿಯಲ್ಲಿ ಇತ್ತು, ಹಾಗಾಗಿ ಪಾಕಿಸ್ತಾನ ಒಪ್ಪಿತು. ಭಯೋತ್ಪಾದನೆಯೂ ಇತ್ತು, ಕಾಶ್ಮೀರ ಎಂಟರಲ್ಲಿ ಒಂದಾಗಿತ್ತು, ಹಾಗಾಗಿ ಭಾರತ ಒಪ್ಪಿತು. ಇಷ್ಟು ಸರಳ ಉಪಾಯ. ಆದರೆ ಅಲ್ಲಿಗೆ ಬರಲು ಐವತ್ತು ವರ್ಷ ಹಿಡಿಯಿತು.

ಆ ಪಟ್ಟಿಯಲ್ಲಿ ನನಗೆ ತುಂಬಾ ಇಷ್ಟವಾದ ಸಾಲೊಂದಿದೆ. ಝೀಲಂ ನದಿ ವುಲರ್ ಸರೋವರ ದಾಟುವ ಕಡೆ ಭಾರತ 1984ರಲ್ಲಿ ಒಂದು ಕಟ್ಟೆ ಕಟ್ಟಲು ಶುರುಮಾಡಿತು, 1987ರಲ್ಲಿ ನಿಲ್ಲಿಸಿತು. ಭಾರತ ಅದನ್ನು ‘ತುಲ್‌ಬುಲ್ ಜಲಸಾರಿಗೆ ಯೋಜನೆ’ ಅನ್ನುತ್ತದೆ, ಅಂದರೆ ದೋಣಿ ಓಡಿಸಲು ಬೇಕಾದ ನೀರು. ಪಾಕಿಸ್ತಾನ ‘ವುಲರ್ ಬ್ಯಾರೇಜ್’ ಅನ್ನುತ್ತದೆ, ಅಂದರೆ ನೀರು ತಡೆಯುವ ಕಟ್ಟೆ. ಒಂದು ಹೆಸರು ಬರೆದರೆ ಒಬ್ಬರ ವಾದ ಒಪ್ಪಿದ ಹಾಗೆ. ಅದಕ್ಕೇ ಜಂಟಿ ಹೇಳಿಕೆಯಲ್ಲಿ ಎರಡೂ ಹೆಸರು ಪಕ್ಕಪಕ್ಕ ಬಂದವು, ನಡುವೆ ಒಂದು ಓರೆಗೆರೆ. ಒಬ್ಬರ ಹೆಸರನ್ನು ಇನ್ನೊಬ್ಬರು ಕಾಗದದ ಮೇಲೆ ಇರಗೊಡುವುದೂ ಮಾತುಕತೆಯ ಒಂದು ಹೆಜ್ಜೆಯೇ.

ಇಲ್ಲಿ ‘ಸಂಧಾನ’ ಎಂಬ ಪದವನ್ನೂ ನೋಡಬೇಕು. ಪತ್ರಿಕೆಗಳಲ್ಲಿ ಎರಡೂ ಪದ ಒಂದರ ಜಾಗದಲ್ಲಿ ಇನ್ನೊಂದು ಬರುವುದುಂಟು. ಆದರೆ ಸಂಧಾನ ಅಂದಾಗ ನಮ್ಮ ಮನಸ್ಸಿಗೆ ಕೃಷ್ಣ ಬರುತ್ತಾನೆ. ಕರಾವಳಿಯಲ್ಲಿ ತಾಳಮದ್ದಳೆ ಕೇಳಿದವರಿಗಂತೂ ಕೌರವರ ಸಭೆಗೆ ಹೋದ ಆ ಸಂಧಾನವೇ ನೆನಪು. ಇಬ್ಬರ ನಡುವೆ ಇನ್ನೊಬ್ಬರು ಓಡಾಡುವುದು ಆ ಪದದ ಜೊತೆಗೇ ಬರುತ್ತದೆ. 1960ರ ಸಿಂಧೂ ಜಲ ಒಪ್ಪಂದದಲ್ಲಿ ಹಾಗೆ ನಡುವೆ ನಿಂತದ್ದು ವಿಶ್ವ ಬ್ಯಾಂಕ್. 1966ರ ಜನವರಿಯಲ್ಲಿ ತಾಷ್ಕೆಂಟ್‌ನಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಅಯೂಬ್ ಖಾನ್ ನಡುವೆ ನಿಂತದ್ದು ಸೋವಿಯತ್ ಪ್ರಧಾನಿ ಕೊಸಿಗಿನ್. 1972ರ ಸಿಮ್ಲಾ ಒಪ್ಪಂದದಲ್ಲಿ ಇಂದಿರಾ ಗಾಂಧಿ ಮತ್ತು ಭುಟ್ಟೊ, ನಮ್ಮ ತಕರಾರನ್ನು ನಾವೇ ಮಾತಾಡಿ ಬಗೆಹರಿಸಿಕೊಳ್ಳುತ್ತೇವೆ ಎಂದು ಬರೆದರು. ಅಂದಿನಿಂದ ಭಾರತ ಮೂರನೆಯವರ ಮಧ್ಯಸ್ಥಿಕೆಯನ್ನು ಒಪ್ಪುವುದಿಲ್ಲ. ಸಮಗ್ರ ಮಾತುಕತೆಯಲ್ಲೂ ಮೇಜಿನ ಎರಡೇ ಬದಿ.

ಹಾಗಾದರೆ ಎಂಟು ಗಂಟುಗಳಲ್ಲಿ ಯಾವುದು ಸುಲಭ? ಎಲ್ಲರೂ ಹೇಳುತ್ತಿದ್ದದ್ದು ಸರ್ ಕ್ರೀಕ್. ಗುಜರಾತಿನ ಕಛ್ ಮತ್ತು ಪಾಕಿಸ್ತಾನದ ಸಿಂಧ್ ನಡುವೆ ಸುಮಾರು 96 ಕಿ.ಮೀ. ಉದ್ದದ ಅಳಿವೆ ಅದು. ಜೌಗು ನೆಲ, ಉಪ್ಪು ನೀರು, ಏರಿಳಿಯುವ ಉಬ್ಬರ. ಊರಿಲ್ಲ, ಬೆಳೆಯಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪಕ್ಕಾ ಬದುವಿನ ಜಗಳ. 1914ರಲ್ಲಿ ಬಾಂಬೆ ಸರ್ಕಾರ ಕಛ್‌ನ ಅರಸ ರಾವ್ ಮತ್ತು ಸಿಂಧ್ ನಡುವೆ ಒಂದು ತೀರ್ಮಾನ ಮಾಡಿತ್ತು. ಅದರ ನಕ್ಷೆಯಲ್ಲಿ ಪೂರ್ವ ದಡದ ಮೇಲೆ ಹಸಿರು ಗೆರೆ ಇದೆ, ಆದ್ದರಿಂದ ಅಳಿವೆ ಪೂರ್ತಿ ನಮ್ಮದು ಎನ್ನುತ್ತದೆ ಪಾಕಿಸ್ತಾನ. ಗಡಿ ಹೋಗುವುದು ನೀರಿನ ಹರಿವಿನ ನಡುಮಧ್ಯೆ ಎನ್ನುತ್ತದೆ ಭಾರತ. ದೋಣಿ ಓಡುವ ನೀರಿಗೆ ಮಾತ್ರ ನಡುಗೆರೆಯ ನಿಯಮ, ಇಲ್ಲಿ ದೋಣಿ ಎಲ್ಲಿ ಓಡುತ್ತದೆ ಎಂದು ಅವರು ಕೇಳುತ್ತಾರೆ. ಉಬ್ಬರ ಬಂದಾಗ ಓಡುತ್ತದಲ್ಲ ಎಂದು ಇವರು ಹೇಳುತ್ತಾರೆ.

ಇಷ್ಟು ಜಾಗಕ್ಕೆ ಇಷ್ಟೊಂದು ಹಟ ಯಾಕೆ ಅನಿಸುತ್ತದೆ, ಅಲ್ವಾ? ಸಮುದ್ರದ ಗಡಿಗೆರೆ ಶುರುವಾಗುವುದೇ ಅಳಿವೆಯ ಬಾಯಿಯಿಂದ. ದಡದಲ್ಲಿ ಗೆರೆ ಸ್ವಲ್ಪ ಸರಿದರೆ ಅರಬ್ಬೀ ಸಮುದ್ರದ ಒಳಗೆ ಅದು ಎಷ್ಟೋ ಅಗಲವಾಗಿ ಹರಡಿಕೊಳ್ಳುತ್ತದೆ. 2007ರಲ್ಲಿ ಎರಡೂ ದೇಶದವರು ಸೇರಿ ಅಳಿವೆಯ ಅಳತೆ ಮಾಡಿದರು, ನಕ್ಷೆಗಳನ್ನು ಕೊಟ್ಟು ತೆಗೆದುಕೊಂಡರು. ಸಹಿ ಮಾತ್ರ ಆಗಲಿಲ್ಲ. ನೀರಿನ ಮೇಲೆ ಗೆರೆ ಕಾಣುವುದಿಲ್ಲ. ಮೀನಿನ ಹಿಂದೆ ಹೋದ ಗುಜರಾತಿನ ದೋಣಿ ಅವರ ಕೈಗೆ ಸಿಗುತ್ತದೆ, ಸಿಂಧ್‌ನ ದೋಣಿ ನಮ್ಮ ಕೈಗೆ. ಹೋದವರು ವರ್ಷಗಟ್ಟಲೆ ಜೈಲಿನಲ್ಲಿ ಉಳಿಯುತ್ತಾರೆ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಚುರುಕ್ ಅನ್ನುತ್ತದೆ. ಗೆರೆ ಎಳೆಯದೆ ಬಿಟ್ಟವರು ಯಾರೋ, ಜೈಲಿಗೆ ಹೋದವರು ಬಲೆ ಹಾಕಿದವರು.

ಸಮಗ್ರ ಮಾತುಕತೆಯ ಮೊದಲ ಸುತ್ತು ನಡೆದದ್ದು 1998ರ ಅಕ್ಟೋಬರ್–ನವೆಂಬರ್‌ನಲ್ಲಿ. 1999ರ ಫೆಬ್ರವರಿಯಲ್ಲಿ ವಾಜಪೇಯಿ ಬಸ್ಸಿನಲ್ಲಿ ಲಾಹೋರಿಗೆ ಹೋದರು, ಕೆಲವೇ ತಿಂಗಳಲ್ಲಿ ಕಾರ್ಗಿಲ್ ಯುದ್ಧ. 2001ರಲ್ಲಿ ಆಗ್ರಾದಲ್ಲಿ ನಡೆದ ವಾಜಪೇಯಿ ಮತ್ತು ಪಾಕಿಸ್ತಾನದ ಅಧ್ಯಕ್ಷ ಮುಷರಫ್ ಅವರ ಭೇಟಿ ಜಂಟಿ ಹೇಳಿಕೆಯಿಲ್ಲದೆ ಮುರಿದುಬಿತ್ತು. 2003ರ ನವೆಂಬರ್‌ನಲ್ಲಿ ಗಡಿ ನಿಯಂತ್ರಣ ರೇಖೆಯಲ್ಲಿ ಕದನ ವಿರಾಮ ಬಂತು. 2004ರಲ್ಲಿ ಮೂಟೆಯನ್ನು ಮತ್ತೆ ಬಿಚ್ಚಿದರು.

ಅಲ್ಲಿಂದ 2008ರವರೆಗಿನದು ಒಳ್ಳೆಯ ಕಾಲ. 2005ರ ಏಪ್ರಿಲ್ 7ರಂದು ಶ್ರೀನಗರ–ಮುಜಫರಾಬಾದ್ ಬಸ್ ಹೊರಟಿತು. ಹತ್ತಿರದ ನಂಟರೇ ರೇಖೆಯ ಆಚೆ ಈಚೆ ಇದ್ದವರು ಎಷ್ಟೋ ವರ್ಷಗಳ ಮೇಲೆ ಮುಖ ನೋಡಿದರು. ಇದರ ಜೊತೆಗೆ ತೆರೆಮರೆಯ ಮಾತುಕತೆಯೂ ಸಾಗಿತ್ತು. ಮನಮೋಹನ್ ಸಿಂಗ್ ಕಡೆಯಿಂದ ಸತಿಂದರ್ ಲಾಂಬಾ, ಮುಷರಫ್ ಕಡೆಯಿಂದ ತಾರಿಖ್ ಅಜೀಜ್ ಬೇರೆ ದೇಶಗಳಲ್ಲಿ ಸದ್ದಿಲ್ಲದೆ ಭೇಟಿಯಾಗುತ್ತಿದ್ದರು. ಗಡಿಗೆರೆ ಬದಲಿಸದೆ, ಜನ ಮತ್ತು ಸರಕು ದಾಟಲು ಅದನ್ನು ಸಡಿಲ ಮಾಡುವುದು ಅಲ್ಲಿನ ಯೋಚನೆಯ ತಿರುಳು. ಮೇಜಿನ ಮುಂದೆ ಕ್ಯಾಮೆರಾ ಇದ್ದರೆ ಯಾರೂ ಒಂದು ಹೆಜ್ಜೆ ಹಿಂದೆ ಇಡುವುದಿಲ್ಲ. ಅದಕ್ಕೇ ಈ ಎರಡನೇ ದಾರಿ ಬೇಕಾಗುತ್ತದೆ.

2008ರ ನವೆಂಬರ್ 26ರಂದು ಪಾಕಿಸ್ತಾನದ ವಿದೇಶಾಂಗ ಸಚಿವ ಖುರೇಷಿ ದೆಹಲಿಯಲ್ಲಿದ್ದರು. ನಮ್ಮ ಗೃಹ ಕಾರ್ಯದರ್ಶಿ ಇದೇ ಮಾತುಕತೆಯ ಕೆಲಸಕ್ಕೆ ಪಾಕಿಸ್ತಾನದಲ್ಲಿದ್ದರು. ಆ ರಾತ್ರಿ ಮುಂಬೈ ಮೇಲೆ ದಾಳಿಯಾಯಿತು. ಐದನೇ ಸುತ್ತು ಅರ್ಧಕ್ಕೇ ನಿಂತಿತು.

ಆಮೇಲೆ 2011ರಲ್ಲಿ ಮಾತು ಶುರುವಾಯಿತು, ಹೆಸರು ಬದಲಾಗಿತ್ತು. 2015ರ ಡಿಸೆಂಬರ್‌ನಲ್ಲಿ ಸುಷ್ಮಾ ಸ್ವರಾಜ್ ಇಸ್ಲಾಮಾಬಾದಿಗೆ ಹೋದಾಗ ‘ಸಮಗ್ರ ದ್ವಿಪಕ್ಷೀಯ ಮಾತುಕತೆ’ ಎಂಬ ಇನ್ನೊಂದು ಹೆಸರು ಬಂತು. ನಾಲ್ಕು ವಾರ ಕಳೆಯುವಷ್ಟರಲ್ಲಿ ಪಠಾಣ್‌ಕೋಟ್ ವಾಯುನೆಲೆಯ ಮೇಲೆ ದಾಳಿ. ಭಯೋತ್ಪಾದನೆ ಮತ್ತು ಮಾತುಕತೆ ಒಟ್ಟಿಗೆ ಸಾಗುವುದಿಲ್ಲ ಎಂಬುದು ಈಗ ಭಾರತದ ನಿಲುವು. ಮನೆಯವರನ್ನು ಕಳೆದುಕೊಂಡವರ ಮುಂದೆ ಆ ಮಾತನ್ನು ತಪ್ಪು ಎಂದು ನಾನು ಹೇಳಲಾರೆ. ಆದರೂ ಮೂಟೆ ಪೂರ್ತಿ ಕಟ್ಟಿಟ್ಟಾಗ ಕಾಶ್ಮೀರ, ಸಿಯಾಚಿನ್ ಜೊತೆಗೆ ಮೀನುಗಾರರ ಗಂಟೂ ಒಳಗೇ ಉಳಿಯುತ್ತದೆ. ಅದನ್ನಾದರೂ ಹೊರಗೆ ಇಡಬೇಕು ಎಂಬುದು ನನ್ನ ಆಸೆ.

2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ 26 ಜನರ ಹತ್ಯೆಯಾಯಿತು. ಸಿಂಧೂ ಜಲ ಒಪ್ಪಂದವನ್ನು ಭಾರತ ತಡೆಹಿಡಿಯಿತು. ಮೇ ತಿಂಗಳಲ್ಲಿ ಸೇನಾ ಸಂಘರ್ಷ ನಡೆದು, 10ರಂದು ಎರಡೂ ಕಡೆಯ ಸೇನಾ ಕಾರ್ಯಾಚರಣೆಯ ಮುಖ್ಯಸ್ಥರು ಫೋನಿನಲ್ಲಿ ಮಾತಾಡಿ ಗುಂಡು ನಿಲ್ಲಿಸಿದರು. ಆದರೆ 2008ರ ಒಂದು ಒಪ್ಪಂದದ ಪ್ರಕಾರ ಪ್ರತಿ ವರ್ಷ ಜನವರಿ 1 ಮತ್ತು ಜುಲೈ 1ರಂದು ಎರಡೂ ದೇಶಗಳು ತಮ್ಮ ಜೈಲಿನಲ್ಲಿರುವ ಆಚೆಯವರ ಪಟ್ಟಿ ಕೊಡಬೇಕು. ಆ ವರ್ಷದ ಜುಲೈ 1ರಂದೂ ಪಟ್ಟಿಗಳು ಕೈ ಬದಲಾದವು. ಪಾಕಿಸ್ತಾನ ಕೊಟ್ಟ ಪಟ್ಟಿಯಲ್ಲಿ 193 ಮೀನುಗಾರರ ಹೆಸರಿತ್ತು.