ಒಂದು ಮಿಲಿಮೀಟರಿಗೂ ಕಮ್ಮಿ

ಬಟ್ಟೆ ಒಣಹಾಕುವ ಹಗ್ಗವನ್ನು ಎಷ್ಟೇ ಬಿಗಿದು ಕಟ್ಟಿ, ಒಂದು ಒದ್ದೆ ಪಂಚೆ ಹಾಕಿದರೆ ಸಾಕು, ನಡುವೆ ಜೋತು ಬೀಳುತ್ತದೆ. ಸಿಟ್ಟು ಬಂದು ಇನ್ನೂ ಎಳೆದು ಕಟ್ಟಿದರೆ ಗೋಡೆಯ ಮೊಳೆಯೇ ಕಿತ್ತು ಬರುತ್ತದೆ. ಬೈಕಿನ ಚೈನಿನ ಕಥೆಯೂ ಇದೇ. ಆದರೂ 'ಚೈನ್ ಟೈಟ್ ಇದ್ರೆ ಪಿಕಪ್ ಜಾಸ್ತಿ' ಅನ್ನೋ ನಂಬಿಕೆ ನಮ್ಮಲ್ಲಿ ಇನ್ನೂ ಹೋಗಿಲ್ಲ.

ನನ್ನ ಹಳೆಯ 100 ಸಿಸಿ ಬೈಕಿನ ಚೈನನ್ನು ಒಬ್ಬ ಮೆಕ್ಯಾನಿಕ್ ತಂಬೂರಿ ತಂತಿಯ ಹಾಗೆ ಬಿಗಿದು ಕೊಟ್ಟಿದ್ದರು. "ನೋಡಿ ಸಾರ್, ಒಂಚೂರೂ ಸದ್ದಿಲ್ಲ" ಅಂದರು. ನಿಜ, ಸದ್ದಿರಲಿಲ್ಲ. ಎರಡು ತಿಂಗಳಾದ ಮೇಲೆ ಬಂತು, ಚೈನಿನಿಂದಲ್ಲ, ಹಿಂದಿನ ಚಕ್ರದ ಬೇರಿಂಗಿನಿಂದ!

ಅವತ್ತು ಸುಮ್ನೆ ಕೂತು ಒಂದು ಲೆಕ್ಕ ಹಾಕಿದೆ. ಎರಡು ಸ್ಪ್ರಾಕೆಟ್‌ಗಳ (ಚೈನ್ ಸುತ್ತಿಕೊಂಡಿರುವ ಹಲ್ಲಿನ ಗಾಲಿಗಳ) ನಡುವೆ ಸುಮಾರು 55 ಸೆಂ.ಮೀ. ಚೈನ್ ಇದೆ ಅಂದುಕೊಳ್ಳಿ. ಕೆಳಗಿನ ಸಾಲನ್ನು ಮಧ್ಯದಲ್ಲಿ ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರೆ ಒಟ್ಟು 50 ಮಿ.ಮೀ. ಆಡುತ್ತಿದೆ. ತುಂಬಾ ಲೂಸು. ಇದನ್ನು 25ಕ್ಕೆ ತರಬೇಕು. ಹಾಗಾದರೆ ಚಕ್ರವನ್ನು ಎಷ್ಟು ಹಿಂದಕ್ಕೆ ಎಳೆಯಬೇಕು? ಗೆಳೆಯರನ್ನು ಕೇಳಿದಾಗ ಒಬ್ಬ ಒಂದು ಸೆಂಟಿಮೀಟರ್ ಅಂದ, ಇನ್ನೊಬ್ಬ ಎರಡು ಅಂದ. ಉತ್ತರ 0.85 ಮಿ.ಮೀ.!

ಹೀಗೇಕೆ? ಸುಮಾರಾಗಿ ನೆಟ್ಟಗಿರುವ ದಾರವನ್ನು ಪಕ್ಕಕ್ಕೆ ತುಂಬಾ ಎಳೆಯಲು ಬೇಕಾಗುವ ಹೆಚ್ಚುವರಿ ಉದ್ದ ತುಂಬಾ ಸಣ್ಣದು. ಜೋಲು ಅರ್ಧವಾದರೆ ಆ ಹೆಚ್ಚುವರಿ ಉದ್ದ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಇಲ್ಲಿ ಅದು 2.3 ಮಿ.ಮೀ.ನಿಂದ 0.6ಕ್ಕೆ, ಅಂದರೆ 1.7 ಮಿ.ಮೀ. ಇಳಿದಿದೆ. ಚಕ್ರ ಹಿಂದಕ್ಕೆ ಸರಿದರೆ ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಉದ್ದವಾಗುವುದರಿಂದ ಚಕ್ರ ಸರಿಯಬೇಕಾದ್ದು ಅದರ ಅರ್ಧ ಮಾತ್ರ. ಚಕ್ರವನ್ನು ಹಿಂದಕ್ಕೆ ಸರಿಸುವ ಅಡ್ಜಸ್ಟರಿನ ಬೋಲ್ಟು 6 ಮಿ.ಮೀ. ದಪ್ಪದ್ದಾದರೆ ಸಾಮಾನ್ಯವಾಗಿ ಒಂದು ಸುತ್ತಿಗೆ 1 ಮಿ.ಮೀ. ಸರಿಯುತ್ತದೆ. ನಟ್ಟಿಗೆ ಆರು ಮುಖ. ಅಂದರೆ ಕೆಲಸ ಐದು ಮುಖದಷ್ಟು ಮಾತ್ರ, ಒಂದು ಪೂರ್ತಿ ಸುತ್ತೂ ಅಲ್ಲ. ಸ್ಪ್ಯಾನರ್ ಹಿಡಿದು ಗರಗರ ತಿರುಗಿಸುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ.

ಇನ್ನು ಲೂಸು ಯಾಕೆ ಬೇಕು? ನಿಮ್ಮ ತೋಳನ್ನೇ ನೋಡಿ. ಭುಜ ಅಂದರೆ ಎಂಜಿನ್ನಿನ ಸಣ್ಣ ಸ್ಪ್ರಾಕೆಟ್. ಮೊಣಕೈ ಅಂದರೆ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳು) ಮೇಲೆ ಕೆಳಗೆ ತಿರುಗುವ ಕೀಲು, ಅಂದರೆ ಪಿವಟ್. ಮಣಿಕಟ್ಟು ಅಂದರೆ ಹಿಂದಿನ ಚಕ್ರದ ಅಚ್ಚು, ಅಂದರೆ ಆಕ್ಸೆಲ್. ಮೊಣಕೈ ಮಡಚಿದಾಗ ಭುಜಕ್ಕೂ ಮಣಿಕಟ್ಟಿಗೂ ದೂರ ಕಮ್ಮಿ, ಕೈ ನೇರವಾದಾಗ ಅತಿ ಜಾಸ್ತಿ. ನೀವು ಬೈಕ್ ಮೇಲೆ ಕೂತು, ಹಿಂದೆ ಮನೆಯವರನ್ನೂ ಕೂರಿಸಿಕೊಂಡು, ಒಂದು ಹಂಪ್ ಹತ್ತಿ ಇಳಿದಾಗ ಆ 'ಕೈ' ನೇರವಾಗುತ್ತದೆ. ಆ ಕ್ಷಣಕ್ಕೆ ಕೊಡಲು ಚೈನಿನಲ್ಲಿ ಒಂಚೂರು ಸಡಿಲ ಉಳಿದಿರಬೇಕು. ಇಲ್ಲದಿದ್ದರೆ ಬಟ್ಟೆ ಹಗ್ಗದ ಮೊಳೆಯ ಪಾಡು ಬೇರಿಂಗಿಗೆ. ಅದಕ್ಕೇ ಬೈಕಿನ ಪುಸ್ತಕದಲ್ಲಿ ಇಷ್ಟು ಮಿ.ಮೀ. ಅಂತ ಬರೆದಿರುವುದು, ಯಾವ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಅಳೆಯಬೇಕು ಅಂತಲೂ ಹೇಳಿರುವುದು. ಚಕ್ರವನ್ನು ಕೈಯಲ್ಲೇ ನಿಧಾನಕ್ಕೆ ತಿರುಗಿಸಿ, ಚೈನ್ ಅತಿ ಬಿಗಿ ಇರುವ ಜಾಗದಲ್ಲಿ ಅಳೆಯಿರಿ. ಎಂಜಿನ್ ಆನ್ ಮಾಡಿ ಮಾತ್ರ ಬೇಡ. ಹಾಗೆ ಬೆರಳು ಕಳೆದುಕೊಂಡವರಿದ್ದಾರೆ.

'ಚೈನ್ ಹಿಗ್ಗಿದೆ' ಅನ್ನುತ್ತೇವಲ್ಲ, ಅದೂ ಸುಳ್ಳೇ. ಉಕ್ಕು ಹಿಗ್ಗಿಲ್ಲ, ಕೊಂಡಿಯೊಳಗಿನ ಪಿನ್ನು ಸವೆದಿದೆ. ಒಂದೊಂದು ಕೊಂಡಿಯಲ್ಲಿ 0.1 ಮಿ.ಮೀ. ಸವೆದರೆ 110 ಕೊಂಡಿಗೆ 11 ಮಿ.ಮೀ. ಆಯಿತು. ಈ ಸವೆತವೇ ಹಳೆಯ ಚೈನುಗಳ ಶತ್ರು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಸ್ವಿಸ್ ಎಂಜಿನಿಯರ್ ಹ್ಯಾನ್ಸ್ ರೆನಾಲ್ಡ್ ಇದಕ್ಕೆ ಉಪಾಯ ಹುಡುಕಿದ. ಅವನು 1879ರಲ್ಲಿ ಕೊಂಡದ್ದು ಬಟ್ಟೆ ಗಿರಣಿಗಳ ಯಂತ್ರಕ್ಕೆ ಚೈನ್ ಮಾಡುವ ಒಂದು ಸಣ್ಣ ಕಾರ್ಖಾನೆ. ಆಗಿನ ಚೈನುಗಳಲ್ಲಿ ಭಾರವೆಲ್ಲ ತೆಳು ತಗಡಿನ ತೂತಿನ ಅಂಚಿನ ಮೇಲೆ ಬೀಳುತ್ತಿತ್ತು. ಕತ್ತಿಯ ಅಂಚಿನ ಮೇಲೆ ಅಕ್ಕಿ ಮೂಟೆ ಇಟ್ಟ ಹಾಗೆ! ರೆನಾಲ್ಡ್ ಪಿನ್ನಿಗೆ ಒಂದು ಕೊಳವೆ ತೊಡಿಸಿ ಆ ಭಾರವನ್ನು ಅಗಲಕ್ಕೆ ಹರಡಿದ. 1880ರಲ್ಲಿ ಪೇಟೆಂಟ್ ಪಡೆದ. ಇವತ್ತು ನಿಮ್ಮ ಬೈಕಿನಲ್ಲಿರುವುದೂ ಮೂಲತಃ ಅದೇ ಚೈನು. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಹಚ್ಚುತ್ತೇವೆ, ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ಹಚ್ಚಿ, ಇಡಿ, ನನ್ನ ತಕರಾರಿಲ್ಲ. ಹಾಗೇ ನಾಲ್ಕು ಹನಿ ಗೇರ್ ಆಯಿಲನ್ನೂ ಬಿಡಿ.

ಈಗ ಚಕ್ರ ನೇರ ಮಾಡುವ ವಿಷಯ. ಎಡ ಬಲ ಅಡ್ಜಸ್ಟರುಗಳ ನಡುವೆ ಸುಮಾರು 20 ಸೆಂ.ಮೀ. ಅಂತರ. ಒಂದು ಕಡೆ 1 ಮಿ.ಮೀ. ಹೆಚ್ಚಾಯಿತು ಅನ್ನಿ. ಹಿಂದಿನ ಚಕ್ರ ನೋಡುತ್ತಿರುವ ದಿಕ್ಕಿನಲ್ಲಿ ಗೆರೆ ಎಳೆದರೆ, ಒಂದೂಕಾಲು ಮೀಟರ್ ಮುಂದಿರುವ ಮುಂಚಕ್ರದ ಹತ್ತಿರ ಅದು 6 ಮಿ.ಮೀ. ಪಕ್ಕಕ್ಕೆ ಹೋಗಿರುತ್ತದೆ. ದೊಡ್ಡ ಸ್ಪ್ರಾಕೆಟ್ ಓರೆ ನಿಂತು ಹಲ್ಲುಗಳು ಒಂದೇ ಬದಿಗೆ ಸವೆಯುತ್ತವೆ. ಆ ಬದಿ ಫಳಫಳ ಹೊಳೆಯುತ್ತಿದ್ದರೆ ಚಕ್ರ ಸೊಟ್ಟಗಿದೆ ಅಂತಲೇ ಅನುಮಾನಿಸಿ.

ಎರಡೂ ಕಡೆ ಸಮ ಇದೆಯಾ ನೋಡಲು ಸ್ವಿಂಗ್ ಆರ್ಮ್ ಮೇಲೆ ಗೆರೆಗಳಿವೆ ಅಲ್ವಾ ಅಂದರೆ, ಇವೆ. ಆದರೆ ಅರ್ಧ ಮಿಲಿಮೀಟರಿನ ಲೆಕ್ಕಕ್ಕೆ ಆ ದಪ್ಪ ಗೆರೆಗಳನ್ನು ನಾನು ನಂಬುವುದಿಲ್ಲ. ಪಿವಟ್ ಬೋಲ್ಟಿನ ನಡುವಿನಿಂದ ಆಕ್ಸೆಲಿನ ನಡುವಿಗೆ ಒಂದು ಗಟ್ಟಿ ಕಡ್ಡಿ ಹಿಡಿದು ಗುರುತು ಮಾಡಿ. ಅದೇ ಕಡ್ಡಿಯನ್ನು ಇನ್ನೊಂದು ಬದಿಗೂ ಹಿಡಿಯಿರಿ. ಗುರುತು ಕೂಡಿದರೆ ಸರಿ. ಟೇಪಿನ ಅಂಕಿ ಓದುವ ತಾಪತ್ರಯವೇ ಇಲ್ಲ. ಆಮೇಲೆ ಅಡ್ಜಸ್ಟರಿನ ನಟ್ಟುಗಳನ್ನು ಎರಡೂ ಕಡೆ ಒಂದೊಂದೇ ಮುಖದಂತೆ ತಿರುಗಿಸುತ್ತಾ ಹೋಗಿ.

ಮೊದಲು ಸಡಿಲಿಸಿದ್ದ ಆಕ್ಸೆಲ್ ನಟ್ಟನ್ನು ಕೊನೆಗೆ ಬಿಗಿಯುವಾಗ ಚಕ್ರ ತುಸು ಸರಿದುಬಿಡುತ್ತದೆ. ಚೈನ್ ಬಯಲಿಗೆ ಕಾಣುವ ಬೈಕುಗಳಲ್ಲಿ ಚೈನಿಗೂ ದೊಡ್ಡ ಸ್ಪ್ರಾಕೆಟ್ಟಿಗೂ ನಡುವೆ ಬಟ್ಟೆ ತುರುಕಿ, ಚಕ್ರ ತಿರುಗಿಸಿ ಬಿಗಿ ಮಾಡಿಕೊಂಡು ನಟ್ ಬಿಗಿಯಬಹುದು. ಪೂರ್ತಿ ಕವರ್ ಇರುವ ನನ್ನ ಬೈಕಿನಲ್ಲಿ ಅದಕ್ಕೆ ಜಾಗವಿಲ್ಲ. ಮೊಣಕಾಲಿನಿಂದ ಚಕ್ರವನ್ನು ಮುಂದಕ್ಕೆ ಒತ್ತಿ ಹಿಡಿದು ಬಿಗಿಯುತ್ತೇನೆ. ಮತ್ತೆ ಕವರಿನ ರಬ್ಬರ್ ಮುಚ್ಚಳ ತೆಗೆದು, ಬೆರಳು ಹಾಕಿ ಚೈನ್ ಆಡಿಸಿ ನೋಡುತ್ತೇನೆ. ಬ್ರೇಕ್ ರಾಡಿನ ನಟ್ಟನ್ನೂ ಮರೆಯುವಂತಿಲ್ಲ, ಚಕ್ರ ಹಿಂದೆ ಸರಿದರೆ ಬ್ರೇಕಿನ ಹಿಡಿತವೂ ಬದಲಾಗಿರುತ್ತದೆ.