ಬಲಕ್ಕೆ ಹೋಗಬೇಕಾದರೆ ಮೊದಲು ಎಡಕ್ಕೆ

ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆಯ ತೋಟಗಳಲ್ಲಿ ಅಡಿಕೆ ಕೊಯ್ಯುವವರು ಒಂದು ಮರದಿಂದ ಇನ್ನೊಂದಕ್ಕೆ ದಾಟುವುದನ್ನು ನೋಡಿದ್ದೀರಾ? ದಾಟಬೇಕಾದ ಮರ ಬಲಗಡೆ ಇದ್ದರೆ ಅವರು ಮೊದಲು ಎಡಕ್ಕೆ ತೂಗುತ್ತಾರೆ. ಮರ ಬಾಗಿ ವಾಪಸ್ ಚಿಮ್ಮುವಾಗ ಆಚೆಯ ಮರ ಕೈಗೆ ಸಿಗುತ್ತದೆ. ಕೆಳಗೆ ಅಡಿಕೆ ಹೆಕ್ಕುವವರಿಗೆ ಎಡಕ್ಕೆ ತೂಗಿದ್ದು ಕಂಡ ಕೂಡಲೇ ಗೊತ್ತಾಗುತ್ತದೆ, ಈಗ ದಾಟುತ್ತಾರೆ ಅಂತ.

ಆ್ಯನಿಮೇಶನ್‌ನಲ್ಲಿ ಇದಕ್ಕೆ, ಅಂದರೆ ಚಲನೆಗೆ ಮೊದಲಿನ ಈ ತಯಾರಿಗೆ, ಆಂಟಿಸಿಪೇಶನ್ ಅನ್ನುತ್ತಾರೆ. ಡಿಸ್ನಿಯ ಫ್ರಾಂಕ್ ಥಾಮಸ್ ಮತ್ತು ಒಲಿ ಜಾನ್‌ಸ್ಟನ್ 1981ರಲ್ಲಿ ಬರೆದಿಟ್ಟ 12 ತತ್ವಗಳಲ್ಲಿ ಇದೂ ಒಂದು. ಕಾರ್ಟೂನಿಗೆ ಸುಮ್ನೆ ಸೇರಿಸುವ ಅಲಂಕಾರ ಇದು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಖಂಡಿತ ಅಲ್ಲ. ದೇಹಕ್ಕೆ ಬೇರೆ ದಾರಿಯೇ ಇಲ್ಲ.

ಮೊಣಕಾಲು ಮಡಚದೆ ಒಮ್ಮೆ ಹಾರಿ ನೋಡಿ. ಪಾದದ ಬಲದಲ್ಲಿ ಒಂದಿಷ್ಟು ಮೇಲೇಳಬಹುದು, ಅಷ್ಟೇ. ನೆಲವನ್ನು ಜೋರಾಗಿ ಒದೆಯಬೇಕಾದರೆ ಕಾಲು ಮಡಚಿರಬೇಕು, ಆಗಲೇ ಅದು ನೆಟ್ಟಗಾಗುತ್ತಾ ದೇಹವನ್ನು ಮೇಲಕ್ಕೆ ತಳ್ಳುವುದು. ಕುಸಿದು ಹಾಗೇ ತಡೆದು ನಿಂತು ಹಾರುವುದಕ್ಕಿಂತ, ಕುಸಿದ ಕೂಡಲೇ ಹಾರಿದರೆ ಎತ್ತರ ಜಾಸ್ತಿ, ಯಾಕೆಂದರೆ ಕೆಳಗಿಳಿಯುವ ದೇಹವನ್ನು ತಡೆಯುವಾಗಲೇ ಸ್ನಾಯುಗಳು ಬಿಗಿಯಾಗಿ ಕೆಲಸಕ್ಕೆ ಸಿದ್ಧವಾಗಿರುತ್ತವೆ. ಬಲಗಾಲು ಎತ್ತುವ ಮೊದಲು ದೇಹದ ಭಾರ ಎಡಕ್ಕೆ ಸರಿಯುತ್ತದೆ. ನನಗೆ ಬಹಳ ಇಷ್ಟವಾದದ್ದು ಇನ್ನೊಂದಿದೆ: ನಿಂತಿರುವ ಮನುಷ್ಯ ಕೈಯನ್ನು ಫಕ್ಕನೆ ಮುಂದಕ್ಕೆ ಎತ್ತುವಾಗ ಭುಜದ ಸ್ನಾಯುವಿಗಿಂತ ಮೊದಲು ಕಾಲಿನ ಸ್ನಾಯು ಎಚ್ಚರವಾಗುತ್ತದೆ ಅಂತ ಸೋವಿಯತ್ ವಿಜ್ಞಾನಿಗಳು 1967ರಲ್ಲೇ ತೋರಿಸಿದ್ದರು. ಕೈ ಎತ್ತಿದಾಗ ದೇಹ ವಾಲದಂತೆ ಮೆದುಳು ಮೊದಲೇ ಕಾಲನ್ನು ಗಟ್ಟಿ ಮಾಡಿಕೊಳ್ಳುತ್ತದೆ!

ನಾವು ಹುಟ್ಟಿದಾಗಿನಿಂದ ಇಂಥ ದೇಹಗಳನ್ನೇ ನೋಡುತ್ತಾ ಬಂದವರು. ಈ ತಯಾರಿ ಇಲ್ಲದ ಪಾತ್ರವನ್ನು ಯಾರೋ ಹಗ್ಗ ಕಟ್ಟಿ ಎಳೆದ ಹಾಗೆ ಕಾಣುತ್ತದೆ, ಅಲ್ವಾ?

ನೋಡುವವರ ಕಣ್ಣಿಗೂ ಇದು ಬೇಕು. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ತೆರೆಯ ಮೇಲೆ ಹೊಸತೇನೋ ಕಂಡರೆ ನಮ್ಮ ನೋಟ ಅತ್ತ ಹೊರಳಲು ಸುಮಾರು 0.2 ಸೆಕೆಂಡ್ ಬೇಕು, ಅಂದರೆ ಹತ್ತಿರ ಹತ್ತಿರ 5 ಫ್ರೇಮ್. 3 ಫ್ರೇಮಿನಲ್ಲಿ ಹೊಡೆತ ಮುಗಿದರೆ ನಾವು ಅತ್ತ ನೋಡುವ ಮೊದಲೇ ಎಲ್ಲ ಆಗಿಹೋಗಿರುತ್ತದೆ. ಕೈ ಹಿಂದಕ್ಕೆ ಹೋದರೆ ಕಣ್ಣು ಮೊದಲೇ ಅಲ್ಲಿರುತ್ತದೆ.

ವಿಡಿಯೋ ಗೇಮ್‌ನಲ್ಲಿ ಮಾತ್ರ ಲೆಕ್ಕ ಸ್ವಲ್ಪ ಬೇರೆ. ಬಟನ್ ಒತ್ತಿದ ಕೂಡಲೇ ನಮ್ಮ ಪಾತ್ರ ಹಾರಬೇಕು, ಹಾಗಾಗಿ ಅದರ ತಯಾರಿಯನ್ನು ತೀರಾ ಚಿಕ್ಕದು ಮಾಡುತ್ತಾರೆ. ಶತ್ರುವಿನದ್ದನ್ನು ಉದ್ದ ಎಳೆಯುತ್ತಾರೆ, ನಮಗೆ ತಪ್ಪಿಸಿಕೊಳ್ಳಲು ಸಮಯ ಸಿಗಲಿ ಅಂತ.

ಎಲ್ಲ ಚಲನೆಗೂ ಒಂದೇ ಅಳತೆ ಹಾಕಬೇಡಿ. ಭಾರದ ದೇಹಕ್ಕೆ ತಯಾರಿ ಜಾಸ್ತಿ ಬೇಕು. ಲೋಟ ಎತ್ತುವುದಕ್ಕೆ ಕಣ್ಣು ಅತ್ತ ಹೊರಳಿದರೂ ಸಾಕು. ಕಲಿಯಬೇಕೆಂದರೆ ನಮ್ಮೂರಲ್ಲೇ ಒಳ್ಳೆಯ ಪಾಠವಿದೆ. ತೆಂಕುತಿಟ್ಟು ಯಕ್ಷಗಾನದ ಪುಂಡುವೇಷದವರು (ಚುರುಕಿನ ತರುಣರ ಪಾತ್ರ ಮಾಡುವವರು) ಧಿಗಿಣ, ಅಂದರೆ ಸುತ್ತುತ್ತಾ ಮೇಲಕ್ಕೆ ಹಾರುವ ಕುಣಿತ, ಹಾರುವುದನ್ನು ಫೋನಿನಲ್ಲಿ ಹಿಡಿದು ಒಂದೊಂದೇ ಫ್ರೇಮ್ ಸರಿಸಿ ನೋಡಿ. ಕಾಲು ನೆಲ ಬಿಡುವ ಮೊದಲು ಸೊಂಟ ಅತಿ ಕೆಳಗಿರುವ ಫ್ರೇಮ್ ಯಾವುದೋ, ಮೊದಲು ಅದನ್ನು ಬಿಡಿಸಿ. ಹಾರಾಟವನ್ನು ಆಮೇಲೆ ಬಿಡಿಸಿದರಾಯಿತು.